ಅಣ್ಣನಿಗಿಂತ ದೊಡ್ಡವಳು

ಸಿಡಿಲಣ್ಣನಿಗೆ ಇಪ್ಪತ್ತೊಂಬತ್ತು ವರ್ಷ. ನಾನು ಕೆಲಸಕ್ಕೆ ಸೇರಿದ ದಿನವೂ ಇಪ್ಪತ್ತೊಂಬತ್ತು, ನನ್ನ ದವಡೆ ಹಲ್ಲು ಕೀಳಿಸಿದ ದಿನವೂ ಇಪ್ಪತ್ತೊಂಬತ್ತು, ನನ್ನ ಮಗಳಿಗೆ ಮದುವೆಯಾದ ದಿನವೂ ಇಪ್ಪತ್ತೊಂಬತ್ತೇ. ಹದಿನೈದು ದಿನಕ್ಕೊಮ್ಮೆ ಬರುವ ಚಿತ್ರಕಥೆಯ ಪುಸ್ತಕದಲ್ಲಿ ಅವನು ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಾನೆ, ಕಳ್ಳರನ್ನು ಕತ್ತಿನ ಪಟ್ಟಿ ಹಿಡಿದು ಎತ್ತುತ್ತಾನೆ, ಬೆರಳ ತುದಿಯಿಂದ ಸಿಡಿಲು ಬಿಡುತ್ತಾನೆ. ಅದೆಲ್ಲ ದೊಡ್ಡ ವಿಷಯವಲ್ಲ. ಮೂವತ್ತಮೂರು ವರ್ಷ ಒಂದು ಕೂದಲೂ ನರೆಯದೆ ಇದ್ದಾನಲ್ಲ, ಅದು ಅವನ ನಿಜವಾದ ಶಕ್ತಿ. ಆ ಶಕ್ತಿಗಾಗಿ ಬೆವರು ಸುರಿಸಿದವನು ನಾನು.

ಆ ಪುಸ್ತಕ ತರುವ ಆಫೀಸಿನಲ್ಲಿ ನಾನು ಕರಡು ತಿದ್ದುವವನು. ಕಾಗುಣಿತ ನೋಡುವುದು ಅರ್ಧ ಕೆಲಸ, ಅವನ ವಯಸ್ಸು ಕಾಯುವುದು ಇನ್ನರ್ಧ. ಮೊದಲ ಸಂಚಿಕೆಯಲ್ಲಿ ಅವನು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಸದ್ದಿಲ್ಲದೆ ಕಂಪ್ಯೂಟರ್ ರಿಪೇರಿಗೆ ಕೂರಿಸಿದೆವು. ಅವನ ಅಪ್ಪ ಯಾವುದೋ ಹಳೆಯ ಯುದ್ಧದಲ್ಲಿ ಸತ್ತ ಸಿಪಾಯಿ. ವರ್ಷಗಳು ಉರುಳಿ, ಅಪ್ಪ ಸತ್ತು ಇಪ್ಪತ್ತು ವರ್ಷವಾದ ಮೇಲೆ ಮಗ ಹುಟ್ಟಿದ ಹಾಗಾಗಿ ಎಲ್ಲರ ಮಾನ ಹೋಗುವುದರಲ್ಲಿತ್ತು. ನಾನು ಸಿಪಾಯಿಗೆ ತಾತನಾಗಿ ಬಡ್ತಿ ಕೊಟ್ಟು, ಹೊಸ ಅಪ್ಪನಿಗೆ ಒಂದು ಬಸ್ಸು ಗುದ್ದಿಸಿ ಮುಗಿಸಿದೆ. ಹತ್ತು ವರ್ಷದ ಹುಡುಗನಾಗಿದ್ದಾಗ ನಮಗೆ ಕಾಗದ ಬರೆಯುತ್ತಿದ್ದ ಒಬ್ಬ ಓದುಗ ಮೂವತ್ತು ವರ್ಷದ ನಂತರ ಮತ್ತೆ ಬರೆದು, ನನ್ನ ತಲೆ ಬೋಳಾಗಿದೆ, ಅವನದು ಯಾಕಿಲ್ಲ ಎಂದು ಕೇಳಿದ್ದ. ಉತ್ತರ ಬರೆಯುವುದೂ ನನ್ನ ಪಾಲಿಗೇ ಬಂದಿತ್ತು. ಸಿಡಿಲಣ್ಣ ಒಳ್ಳೆಯ ಎಣ್ಣೆ ಹಚ್ಚುತ್ತಾನೆ ಎಂದು ಬರೆದು ಕೈತೊಳೆದುಕೊಂಡೆ. ಇಂಥ ಕೆಲಸಗಳಿಂದಾಗಿ ಆಫೀಸಿನಲ್ಲಿ ನನ್ನ ಹೆಸರು ಕ್ಯಾಲೆಂಡರು ಎಂದಾಯಿತು.

ನಾನು ಹೇಳಬೇಕಾದದ್ದು ಗುಳ್ಳಕ್ಕನ ಕಥೆ. ಚಿತ್ರದಲ್ಲಿ ಜನ ಮಾತಾಡುವಾಗ ಬಾಯಿಯ ಪಕ್ಕ ಬಿಳಿಯ ಗುಳ್ಳೆ ಇರುತ್ತದಲ್ಲ, ಅದರೊಳಗೆ ಅಕ್ಷರ ಬರೆಯುವವರು ಅವರು. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಯಾರೋ ಗುಳ್ಳೆ ಅಕ್ಕ ಎಂದು ಕರೆದರು. ಅದು ಸವೆದು ಗುಳ್ಳಕ್ಕ ಆಯಿತು. ಗೇಟಿನಲ್ಲಿ ಕೂರುವ ಮುದುಕನಿಗೂ ಅವರು ಗುಳ್ಳಕ್ಕನೇ.

ಮೂರನೆಯ ಮಹಡಿಯಲ್ಲಿ, ಬಿಸಿಲು ನೇರವಾಗಿ ಬೀಳದ ಕಿಟಕಿಯ ಪಕ್ಕ ಅವರ ಇಳಿಜಾರು ಮೇಜು. ಮೇಜಿನ ಬಲಗಡೆ ಮಸಿ ಬಾಟಲಿ, ಅದು ಉರುಳದಂತೆ ಅದರ ಸುತ್ತ ಹಳೆಯ ಕಾಲುಚೀಲ. ಎಡಗಡೆ ಬ್ಲೇಡು, ಅಂಟು, ಬಿಳಿ ಬಣ್ಣ, ತಪ್ಪಿನ ಮೇಲೆ ಅಂಟಿಸಲು ಕತ್ತರಿಸಿಟ್ಟ ಕಾಗದದ ಚೀಟಿಗಳು. ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಕೂರಿಸುತ್ತಿದ್ದರು. ಅವರ ‘ಅ’ಗೆ ಸ್ವಲ್ಪ ಹೊಟ್ಟೆ. ಮೂರು ಹೊತ್ತು ಉಂಡು ಕೂತಿರುವ ಅಕ್ಷರ ಎಂದು ನಾನು ರೇಗಿಸುತ್ತಿದ್ದೆ. ನಿನ್ನ ಹಾಗೆ ಎಂದು ಅವರು ತಲೆ ಎತ್ತದೆಯೇ ಹೇಳುತ್ತಿದ್ದರು.

ಸಿಡಿಲಣ್ಣನನ್ನು ಹುಟ್ಟಿಸಿದವರು ಗುಳ್ಳಕ್ಕನ ಸ್ವಂತ ಅಣ್ಣ. ಆಗ ಅವರಿಗೆ ಇಪ್ಪತ್ತೊಂಬತ್ತು, ತಂಗಿಗೆ ಇಪ್ಪತ್ತೈದು. ನಾಯಕನ ಮುಖಕ್ಕೆ ಬೇರೆ ಯಾರನ್ನು ಹುಡುಕುವುದೆಂದು ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿ ಬರೆದರು, ವಯಸ್ಸೂ ತನ್ನದನ್ನೇ ಕೊಟ್ಟರು. ಕಥೆಯಲ್ಲಿ ನಾಯಕನಿಗೆ ಒಬ್ಬಳೇ ತಂಗಿ. ಅವನು ಯಾರೆಂಬ ಗುಟ್ಟು ಅವಳೊಬ್ಬಳಿಗೇ ಗೊತ್ತು. ಪ್ರತಿ ಸಂಚಿಕೆಯ ಕೊನೆಯ ಚಿತ್ರದಲ್ಲಿ ಅವನು ಸುಸ್ತಾಗಿ ಮನೆಗೆ ಬರುತ್ತಾನೆ. ಅವಳು ಬಾಗಿಲು ತೆಗೆದು, ‘ಅಣ್ಣ, ಬಂದ್ಯಾ?’ ಎನ್ನುತ್ತಾಳೆ. ಅಷ್ಟೇ. ಅಣ್ಣ ಆಫೀಸಿನಿಂದ ಬಂದಾಗ ಗುಳ್ಳಕ್ಕ ಮನೆಯಲ್ಲಿ ಹೇಳುತ್ತಿದ್ದ ಮಾತೂ ಅದೇ.

ಮೂರು ವರ್ಷಕ್ಕೆ ಅಣ್ಣನಿಗೆ ಜ್ವರ ಬಂತು. ಅದು ತಲೆಗೇರಿತು. ಎಂಟನೆಯ ದಿನ ಹೋಗಿಬಿಟ್ಟರು. ಮೂವತ್ತೆರಡು ವಯಸ್ಸು, ಮದುವೆ ಇಲ್ಲ, ಮಕ್ಕಳಿಲ್ಲ. ಪುಸ್ತಕ ನಿಲ್ಲಲಿಲ್ಲ. ಇನ್ನೊಬ್ಬ ಚಿತ್ರಗಾರ ಬಂದ. ಮುಖ ಒಂದೆಳೆಯೂ ಬದಲಾಗಕೂಡದು ಎಂದು ಅವನಿಗೆ ತಾಕೀತು ಮಾಡಿದ್ದರು. ಹದಿನಾರನೆಯ ದಿನ ಗುಳ್ಳಕ್ಕ ಬಂದು ಮೇಜಿನ ಮುಂದೆ ಕೂತರು. ಹೊಸ ಚಿತ್ರಗಾರ ಬರೆದ ಕೊನೆಯ ಚಿತ್ರದಲ್ಲಿ ಅಣ್ಣ ಬಾಗಿಲಲ್ಲಿ ನಿಂತಿದ್ದ, ಗುಳ್ಳೆ ಖಾಲಿ ಇತ್ತು. ಎರಡು ಗೆರೆ ಎಳೆದು ಎಂದಿನ ಮಾತನ್ನೇ ಬರೆದರು. ಆಮೇಲೆ ಬಚ್ಚಲಿಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು.

ಅವರಿಗೆ ಮೂವತ್ತಮೂರು ತುಂಬಿದ ದಿನ ನನಗೆ ನೆನಪಿದೆ. ಇವತ್ತಿಂದ ಮನೆಗೆ ನಾನೇ ದೊಡ್ಡೋಳು ಎಂದು ನಗುತ್ತಾ ಹೇಳಿದರು. ನನ್ನ ಬಾಯಿಗೆ ಬೀಗ ಇರಲಿಲ್ಲ. ಹಾಗಾದರೆ ಸಿಡಿಲಣ್ಣ ನಿಮಗೆ ಅಕ್ಕ ಅನ್ನಬೇಕು ಎಂದೆ. ಅವರು ಇನ್ನೂ ಜೋರಾಗಿ ನಕ್ಕರು, ನಾನೂ ನಕ್ಕೆ. ಈಗ ಆ ನಗು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ವರ್ಷಗಳು ಹೋದವು. ಗುಳ್ಳಕ್ಕನಿಗೆ ನಲವತ್ತಾಯಿತು, ಚಾಳೀಸು ಬಂತು. ಐವತ್ತಾಯಿತು, ಮೊಣಕಾಲು ಹಿಡಿಯಿತು. ಮೂರು ಮಹಡಿ ಹತ್ತುವಾಗ ಎರಡನೆಯದರಲ್ಲಿ ನಿಂತು, ಯಾರಾದರೂ ನೋಡಿದರೆ ಚಪ್ಪಲಿಯ ಬಾರು ಸರಿಮಾಡುವವರ ಹಾಗೆ ನಟಿಸುತ್ತಿದ್ದರು. ಕೊನೆಯ ಚಿತ್ರದ ಗುಳ್ಳೆ ಮಾತ್ರ ಬದಲಾಗಲಿಲ್ಲ. ಕಥೆಗಾರರು ಅದನ್ನು ಬರೆದು ಕೊಡುವುದನ್ನೇ ಬಿಟ್ಟಿದ್ದರು. ಗುಳ್ಳಕ್ಕ ತಾವಾಗಿಯೇ ಬರೆಯುತ್ತಿದ್ದರು, ನಾನು ಅದನ್ನು ಓದುತ್ತಲೇ ಇರಲಿಲ್ಲ. ಎಂಟುನೂರರ ಹತ್ತಿರ ಸಲ ಒಂದೇ ಮಾತನ್ನು ಯಾರು ಓದುತ್ತಾರೆ?

ಹೋದ ವರ್ಷ ಒಂದು ಸಂಚಿಕೆ ಅಂಗಡಿಗೆ ಹೋಗಿ ಮೂರನೆಯ ದಿನಕ್ಕೆ ಫೋನು ಶುರುವಾಯಿತು. ಸಂಪಾದಕಿ ನನ್ನನ್ನು ಕರೆದು, ಕೊನೆಯ ಪುಟ ತೆರೆದು ಮುಂದಿಟ್ಟರು. ಬಾಗಿಲಲ್ಲಿ ಸಿಡಿಲಣ್ಣ. ಎದುರಿಗೆ ತಂಗಿ. ಗುಳ್ಳೆಯಲ್ಲಿ ಗುಳ್ಳಕ್ಕನ ದುಂಡು ಅಕ್ಷರ: ‘ತಮ್ಮಾ, ಬಂದ್ಯಾ?’

ಸಂಪಾದಕಿಗೆ ಮೂವತ್ತೊಂದು ವರ್ಷ, ಬಂದು ಆರು ತಿಂಗಳಾಗಿತ್ತು. ಕೂಗಾಡುವ ಹೆಂಗಸಲ್ಲ. ಸಿಡಿಲಣ್ಣ ತಂಗಿಗಿಂತ ಚಿಕ್ಕವನಾದದ್ದು ಯಾವಾಗ ಎಂದು ಓದುಗರು ಕೇಳುತ್ತಿದ್ದಾರೆ, ಏನು ಹೇಳಲಿ ಎಂದಷ್ಟೇ ಕೇಳಿದರು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ವಯಸ್ಸು ಒಂದೇ ಪದದಲ್ಲಿ ನೆಗೆದುಬಿದ್ದಿತ್ತು. ನನಗೆ ಪಿತ್ತ ನೆತ್ತಿಗೇರಿತು. ಗುಳ್ಳಕ್ಕ ಅವತ್ತು ರಜೆಯಲ್ಲಿದ್ದರು. ಆ ಪುಸ್ತಕ ಹಿಡಿದುಕೊಂಡು ನೇರವಾಗಿ ಅವರ ಮನೆಗೇ ಹೋದೆ.

ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಕೆಳಗೆ ಯಾರೋ ರಿಮ್ಮು ಬಡಿಯುತ್ತಿದ್ದರೆ ಮೇಲೆ ಲೋಟಗಳು ಸಣ್ಣಗೆ ಅಲುಗುತ್ತಿದ್ದವು. ಮುಂದಿನ ಕೋಣೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ಗೋಡೆಗೆ ಅಣ್ಣನ ಫೋಟೊ. ಅದೇ ಮೂಗು, ಅದೇ ಅಗಲ ಹಣೆ. ನಾನು ಪ್ರತಿ ಹದಿನೈದು ದಿನಕ್ಕೆ ನೋಡುವ ಮುಖ, ಬೆನ್ನಿಗೆ ಹಾರುವ ಬಟ್ಟೆ ಮಾತ್ರ ಇಲ್ಲ. ಗುಳ್ಳಕ್ಕ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ಪುಸ್ತಕವನ್ನು ಅವರ ತೊಡೆಯ ಮೇಲೆ ಹಾಕಿ, ಓದಿ ಎಂದೆ.

ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಕೈತಪ್ಪು ಎಂದು ಹೇಳುತ್ತಾರೆ, ನಾನು ನಾಲ್ಕು ಮಾತು ಬೈದು ಹೋಗುತ್ತೇನೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಆ ಗುಳ್ಳೆಯನ್ನೇ ನೋಡಿದರು.

“ಬರೆಯೋವಾಗ ಗೊತ್ತಾಗ್ಲಿಲ್ಲ ಕಣಯ್ಯ,” ಎಂದರು. “ಆದ್ರೆ ಇದೇ ನಿಜ. ನನಗೀಗ ಐವತ್ತೆಂಟು, ಅವನಿಗೆ ಮೂವತ್ತೆರಡು. ಎಲ್ಲಿಯ ಅಣ್ಣ? ಮೊದ್ಲು ಓರಗೆಯವನಾದ, ಆಮೇಲೆ ತಮ್ಮನಾದ. ಈಗ ಆ ಫೋಟೊ ನೋಡಿದ್ರೆ, ಪಾಪ, ಯಾರ ಮನೆ ಹುಡುಗನೋ, ಊಟ ಮಾಡಿದ್ನೋ ಇಲ್ವೋ ಅನ್ಸತ್ತೆ. ಇನ್ನು ಹತ್ತು ವರ್ಷ ನಾನು ಬದುಕಿದ್ರೆ ಅವನು ನನ್ನ ಮೊಮ್ಮಗ ಆಗ್ತಾನೆ.”

ನಾನು ಸಿಟ್ಟನ್ನು ಎಲ್ಲಿ ಇಡುವುದೆಂದು ತಿಳಿಯದೆ ಕುರ್ಚಿಯಲ್ಲಿ ಕೂತೆ. ಅವರು ಹೇಳುತ್ತಾ ಹೋದರು. ಚಿಕ್ಕಂದಿನಲ್ಲಿ ಅಪ್ಪನಿಗಿಂತ ಅಣ್ಣನಿಗೇ ಹೆದರುತ್ತಿದ್ದರಂತೆ. ಪುಸ್ತಕ ನೆಲದ ಮೇಲೆ ಇಟ್ಟರೆ ಬೈಗುಳ, ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ ಬೈಗುಳ. ಬಸ್ಸು ಹತ್ತುವಾಗ ಮಾತ್ರ ತಂಗಿಯ ತಲೆಯ ಮೇಲೆ ಕೈ ಇಟ್ಟುಕೊಂಡೇ ಹತ್ತಿಸುತ್ತಿದ್ದರಂತೆ. ಅಣ್ಣ ಹೋದ ಮೇಲೂ ಆ ಬೈಗುಳ ಬಹಳ ವರ್ಷ ಕಿವಿಯಲ್ಲಿತ್ತು. ಏನಾದರೂ ತಪ್ಪು ಮಾಡಲು ಹೊರಟರೆ ಕೇಳಿಸುತ್ತಿತ್ತು.

“ಈಗ ಕೇಳಿಸಲ್ಲ,” ಎಂದರು. “ಮೂವತ್ತೆರಡರ ಹುಡುಗ ಬಂದು ಬೈದ್ರೆ ನನಗೆ ಹೆದರಿಕೆ ಆಗತ್ತಾ? ಅವನು ಹೋಗಿದ್ದು ಒಂದ್ಸಲ ಅಂದ್ಕೊಂಡಿದ್ದೆ. ಅಲ್ಲ, ಇನ್ನೊಂದ್ಸಲ ಹೋಗ್ತಿದ್ದಾನೆ. ಈ ಸಲ ನಿಧಾನಕ್ಕೆ. ನನ್ನ ವಯಸ್ಸೇ ಅವನನ್ನ ಆಚೆ ಹಾಕ್ತಿದೆ.”

ಆಮೇಲೆ ಒಂದು ಆಸೆ ಹೇಳಿದರು. ಒಂದೇ ಒಂದು ಸಂಚಿಕೆಯಲ್ಲಿ, ಅದೂ ಕೊನೆಯ ಪುಟದಲ್ಲಿ ಮಾತ್ರ, ಸಿಡಿಲಣ್ಣನಿಗೆ ಅರವತ್ತೆರಡು ಮಾಡಬೇಕು, ಅಣ್ಣ ಇದ್ದಿದ್ದರೆ ಈಗ ಅಷ್ಟೇ ಆಗಿರುತ್ತಿತ್ತು. ಕನಸೆಂದೋ ಮಾಯೆಯೆಂದೋ ಕಥೆಗಾರರು ಏನಾದರೂ ಹೇಳಿಕೊಳ್ಳಲಿ. ನರೆತ ಅಣ್ಣ ಬಾಗಿಲಿಗೆ ಬರಬೇಕು, ತಾನು ಗುಳ್ಳೆಯಲ್ಲಿ ‘ಅಣ್ಣ, ಬಂದ್ಯಾ’ ಎಂದು ಬರೆಯಬೇಕು. ತನಗಿಂತ ದೊಡ್ಡ ಮುಖವೊಂದಕ್ಕೆ ಒಂದು ಸಲ ಆ ಮಾತು ಹೇಳಿದರೆ ಸಾಕು, ಆಮೇಲೆ ಎಷ್ಟು ವರ್ಷ ಬೇಕಾದರೂ ಇಪ್ಪತ್ತೊಂಬತ್ತಕ್ಕೆ ಬರೆಯುತ್ತೇನೆ ಎಂದರು. ಅಷ್ಟು ವರ್ಷಗಳಲ್ಲಿ ಗುಳ್ಳಕ್ಕ ಆಫೀಸಿನಲ್ಲಿ ಏನನ್ನೂ ಕೇಳಿದವರಲ್ಲ. ಕುರ್ಚಿಯ ಕಾಲು ಮುರಿದಾಗಲೂ ಮನೆಯಿಂದ ಹಗ್ಗ ತಂದು ಕಟ್ಟಿಕೊಂಡಿದ್ದರು.

ನಾನೇ ಸಂಪಾದಕಿಯ ಹತ್ತಿರ ಹೋಗಿ ಕೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಮನಸ್ಸಿಗೆ ನೋವಾದದ್ದು ಮುಖದಲ್ಲಿ ಕಾಣುತ್ತಿತ್ತು. ಆದರೆ ಅವನಿಗೆ ವಯಸ್ಸಾಗಿದ್ದನ್ನು ಓದುಗರು ಒಂದು ಸಲ ಕಂಡರೆ ಆಮೇಲೆ ಯಾವತ್ತೂ ನಂಬುವುದಿಲ್ಲ ಎಂದರು. ಅದು ಸುಳ್ಳಲ್ಲ. ಇಷ್ಟು ವರ್ಷ ನಾನು ಸಂಬಳ ತೆಗೆದುಕೊಂಡದ್ದೂ ಅದೇ ಮಾತು ಹೇಳುವುದಕ್ಕೆ. ಈಗ ಅದನ್ನು ಬೇರೆಯವರ ಬಾಯಿಂದ ಕೇಳಿದಾಗ ಕಹಿಯಾಯಿತು. ಇನ್ನೊಂದು ಸಂಗತಿಯೂ ಇದೆ ಎಂದು ಅವರು ಸ್ವಲ್ಪ ಹಿಂದೆಮುಂದೆ ನೋಡಿ ಹೇಳಿದರು. ಮಕ್ಕಳು ಓದುವುದು ಕಡಿಮೆಯಾಗಿದೆ. ಮುಂದಿನ ವರ್ಷದಿಂದ ಮತ್ತೆ ಒಂದನೆಯ ಸಂಚಿಕೆಯಿಂದ ಶುರು. ನಾಯಕನಿಗೆ ಹತ್ತೊಂಬತ್ತು ವರ್ಷ. ತಂಗಿ ಇರುವುದಿಲ್ಲ. ಹೆಸರು ಬರೀ ಸಿಡಿಲು. ಅಣ್ಣ ಅನ್ನುವುದು ಈಗಿನವರಿಗೆ ಹಳೆಯ ಕಾಲದ್ದು ಅನ್ನಿಸುತ್ತದಂತೆ.

ಹಾಗೆ ಅಣ್ಣನಿಗೆ ವಯಸ್ಸು ಕೂಡಿಸಿ ಎಂದು ಕೇಳಲು ಹೋದವನು, ಹತ್ತು ವರ್ಷ ಕಳೆಸಿಕೊಂಡು ಬಂದೆ. ಗುಳ್ಳಕ್ಕನಿಗೆ ಹೇಳಿದಾಗ ಅವರು ಪೆನ್ನಿನ ಮೊನೆ ಒರೆಸುತ್ತಿದ್ದರು. ಹತ್ತೊಂಬತ್ತಾ, ಹಾಗಾದರೆ ಇನ್ನೂ ಮೀಸೆ ಕೂಡ ಸರಿಯಾಗಿ ಬಂದಿರಲ್ಲ ಎಂದರು. ಆಮೇಲೆ ಅದೇ ಮೊನೆಯನ್ನು ಮತ್ತೆ ಒರೆಸಿದರು.

ಹೊಸ ಪುಸ್ತಕಕ್ಕೆ ಅಕ್ಷರವೂ ಕಂಪ್ಯೂಟರಿನಲ್ಲೇ. ಗುಳ್ಳಕ್ಕನ ಮೇಲಿನ ಗೌರವಕ್ಕಾಗಿ ಅವರ ಕೈಬರಹದಿಂದಲೇ ಫಾಂಟು ಮಾಡಿಸಿದರು. ಅದಕ್ಕೆ ಗುಳ್ಳಕ್ಕ ಎಂದೇ ಹೆಸರು. ಗುಳ್ಳಕ್ಕ ದಪ್ಪ, ಗುಳ್ಳಕ್ಕ ತೆಳು, ಗುಳ್ಳಕ್ಕ ಓರೆ. ಮೂರರಲ್ಲಿ ನಾನು ಯಾವುದು ಎಂದು ಅವರು ಕೇಳಿದಾಗ ಎಲ್ಲರೂ ನಕ್ಕರು. ಫಾಂಟು ಮಾಡುವವರು ಈಗಿನ ಬರಹ ಬೇಡ, ಗೆರೆ ಸ್ವಲ್ಪ ಅಲುಗುತ್ತದೆ ಎಂದು ಹಳೆಯ ಸಂಚಿಕೆಗಳನ್ನು ಕೇಳಿದರು. ನೂರನೆಯ ಸಂಚಿಕೆಯ ಆಸುಪಾಸಿನವನ್ನು ನಾನೇ ತೆಗೆದುಕೊಟ್ಟೆ. ಬೀರು ಮುಚ್ಚಿದ ಮೇಲೆ ಲೆಕ್ಕ ಹಾಕಿದೆ, ಅಭ್ಯಾಸ ಹೋಗಬೇಕಲ್ಲ. ಅವನ್ನು ಬರೆದಾಗ ಗುಳ್ಳಕ್ಕನಿಗೆ ಇಪ್ಪತ್ತೊಂಬತ್ತು. ಇನ್ನು ಆ ಅಕ್ಷರಕ್ಕೂ ಮುಪ್ಪಿಲ್ಲ. ನನಗೆ ಆ ವಿಷಯ ಯಾರಿಗೂ ಹೇಳುವ ಮನಸ್ಸಾಗಲಿಲ್ಲ.

ಕೆಲಸದಲ್ಲಿ ಗುಳ್ಳಕ್ಕನ ಕೊನೆಯ ದಿನಕ್ಕೆ ಒಂದು ತಿಂಗಳಿತ್ತು. ಪುಸ್ತಕದಲ್ಲಿ ಬರದಿದ್ದರೆ ಹೋಗಲಿ, ಕಾಗದದ ಮೇಲಾದರೂ ಆಗಲಿ ಎಂದು ನಾನು ಚಿತ್ರಗಾರನನ್ನು ಹಿಡಿದೆ. ಅವನೂ ಈಗ ಮುದುಕ. ಸತ್ತವರ ಮುಖಕ್ಕೆ ಕೈ ಹಾಕುವುದು ಬೇಡ ಎಂದು ಮೊದಲು ತಲೆ ಆಡಿಸಿದ. ನಾನು ಬಿಡಲಿಲ್ಲ. ವಯಸ್ಸಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕು ನನಗೆ. ನೆಪ ಹೇಳಿ ಗುಳ್ಳಕ್ಕನಿಂದ ಅವರ ಅಪ್ಪನ ಮುಪ್ಪಿನ ಫೋಟೊ ತಂದೆ. ಆ ಮನೆತನದಲ್ಲಿ ಕೂದಲು ಮುಂದಿನಿಂದ ಹೋಗುತ್ತದೆ, ಕೆನ್ನೆ ಇಳಿಯುತ್ತದೆ, ಕಿವಿ ದೊಡ್ಡದಾಗುತ್ತದೆ. ನಲವತ್ತಕ್ಕೆ ಕನ್ನಡಕ, ಐವತ್ತಕ್ಕೆ ಹೊಟ್ಟೆ, ಅರವತ್ತಕ್ಕೆ ಭುಜ ಮುಂದಕ್ಕೆ. ವರ್ಷ ವರ್ಷವಾಗಿ ಹೇಳಿಕೊಟ್ಟೆ. ಚಿತ್ರಗಾರ ಹನ್ನೊಂದು ಹಾಳೆ ಹರಿದು ಹನ್ನೆರಡನೆಯದನ್ನು ಉಳಿಸಿದ. ಇಷ್ಟು ವರ್ಷದಲ್ಲಿ ಅವನು ಬರೆದ ಅತ್ಯಂತ ಒಳ್ಳೆಯ ಚಿತ್ರ ಅದು. ಬಾಗಿಲಲ್ಲಿ ಅರವತ್ತೆರಡರ ಒಬ್ಬ ಮನುಷ್ಯ, ಕೈಯಲ್ಲಿ ಚೀಲ, ಮುಖದಲ್ಲಿ ದಿನದ ಸುಸ್ತು. ಎದುರಿಗೆ ಬೆನ್ನು ಕಾಣುವಂತೆ ಒಬ್ಬ ಹೆಂಗಸು. ಅವಳ ಪಕ್ಕ ಖಾಲಿ ಗುಳ್ಳೆ.

ಕೊನೆಯ ದಿನ ಮಧ್ಯಾಹ್ನ ಮೇಜು ಖಾಲಿ ಮಾಡಿ ಕೂತಿದ್ದವರ ಮುಂದೆ ಆ ಹಾಳೆಯನ್ನಿಟ್ಟೆವು. ಅಳುತ್ತಾರೇನೋ, ಅತ್ತರೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಗುಳ್ಳಕ್ಕ ಕನ್ನಡಕ ಸರಿಮಾಡಿಕೊಂಡು, ಹಾಳೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

“ಚೆನ್ನಾಗಿದೆ,” ಎಂದರು. “ಯಾರಿವರು?”

ಚಿತ್ರಗಾರ ನನ್ನ ಮುಖ ನೋಡಿದ. ಯಾರೂ ಅಲ್ಲ ಎಂದು ಹೇಳಿಬಿಡಬೇಕಿತ್ತು. ನಿಮ್ಮ ಅಣ್ಣ ಎಂದುಬಿಟ್ಟೆ.

ಅವರು ಮತ್ತೆ ನೋಡಿದರು. ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು. ಹೊಸ ನೆಂಟರ ಮುಖದಲ್ಲಿ ಗುರುತು ಹುಡುಕುವವರ ಹಾಗೆ, ಹಣೆಯನ್ನು, ಮೂಗನ್ನು, ಬಾಯನ್ನು ಒಂದೊಂದಾಗಿ ನೋಡಿದರು. ನಮಗೆ ಬೇಜಾರಾಗಬಾರದೆಂದು ಕಿವಿ ಅವನದ್ದೇ ಎಂದರು. ಹೌದು, ಅವನೇ ಇರಬೇಕು ಎಂದೂ ಹೇಳಿದರು. ಅವರ ದನಿಯಲ್ಲಿ ಅಣ್ಣ ಇರಲಿಲ್ಲ. ಮೂವತ್ತೆರಡರವನು ಕೈಬಿಟ್ಟು ಹೋಗುತ್ತಿದ್ದ, ಅರವತ್ತೆರಡರವನು ಅವರಿಗೆ ಯಾವತ್ತೂ ಗೊತ್ತೇ ಇರಲಿಲ್ಲ. ಇಷ್ಟು ಲೆಕ್ಕ ಬಲ್ಲ ನನಗೆ ಅದೊಂದು ಹೊಳೆದಿರಲಿಲ್ಲ.

ಚಿತ್ರಗಾರ ಮೆಲ್ಲಗೆ, ಗುಳ್ಳೆ ನಿಮಗೇ ಬಿಟ್ಟಿದ್ದೇನೆ ಎಂದ. ಬೇಡ ಎನ್ನುತ್ತಾರೆ ಎಂದುಕೊಂಡೆ. ಅವರು ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ ಮಸಿ ತೆಗೆದರು, ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದರು. ಪೆನ್ನು ಗುಳ್ಳೆಯ ಮೇಲೆ ಸುಮಾರು ಹೊತ್ತು ನಿಂತಿತ್ತು. ಹೊಟ್ಟೆಯ ‘ಅ’ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಉಸಿರು ಹಿಡಿದು ಕಾದೆ. ಅವರು ಬರೆದು ಮುಗಿಸಿ, ಮಸಿ ಆರಲೆಂದು ಊದಿ, ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು.

‘ಬನ್ನಿ, ಕೂತುಕೊಳ್ಳಿ.’

“ಯಾರೋ ದೊಡ್ಡವರು,” ಎಂದರು ಗುಳ್ಳಕ್ಕ, ಮಸಿ ಬಾಟಲಿಯ ಮುಚ್ಚಳ ಹಾಕುತ್ತಾ. “ಆಗ್ಲಿಂದ ಬಾಗಿಲಲ್ಲೇ ನಿಂತಿದ್ದಾರೆ.”